ತೇವ ಅಳೆದ ಮನುಷ್ಯ

ಅಜ್ಜಂಪುರದಲ್ಲಿ ನಮ್ಮಜ್ಜಿ ಮಲಗೋ ರೂಮಿಗೆ ಸಿಮೆಂಟ್ ಶೀಟಿನ ಮಾಡು. ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಒಳಗೆ ಕೂರೋಕಾಗಲ್ಲ. ಫ್ಯಾನ್ ಹಾಕಿದ್ರೆ ಅದೇ ಬಿಸಿಗಾಳಿ ಸುತ್ತಿ ಸುತ್ತಿ ಮುಖಕ್ಕೆ ಹೊಡೆಯುತ್ತೆ. ಅಜ್ಜಿಗೆ 78 ವರ್ಷ, ಬಿ.ಪಿ. ಮಾತ್ರೆ ಬೇರೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅದೇ ರೂಮಲ್ಲಿ ತಲೆಸುತ್ತಿ ಬಿದ್ದಿದ್ರು. ಹಾಗಾಗಿ ಈ ವರ್ಷ ಸ್ಕಾಲರ್‌ಶಿಪ್ ದುಡ್ಡು ಬಂದ ತಕ್ಷಣ ನಾನು ಮಾಡಿದ ಮೊದಲ ಕೆಲಸ, ಆನ್‌ಲೈನ್‌ನಲ್ಲಿ 1,800 ರೂಪಾಯಿಗೆ ಒಂದು ಪುಟಾಣಿ ಕೂಲರ್ ತರಿಸಿದ್ದು. ಜಾಹೀರಾತಿನಲ್ಲಿ ಅದರ ಹೆಸರು ಮಿನಿ ಎಸಿ. ಚಿತ್ರದಲ್ಲಿ ಅದರ ಬಾಯಿಂದ ಹಿಮದ ಹರಳು ಉದುರ್ತಾ ಇತ್ತು. ಅರ್ಧ ಲೀಟರ್ ನೀರು ಹಿಡಿಯೋ ಟ್ಯಾಂಕು, ಮೊಬೈಲ್ ಚಾರ್ಜರ್‌ಗೆ ಸಿಗಿಸೋ ವೈರು.

ಅಜ್ಜಿ ಎರಡು ದಿನ ನೋಡಿದ್ರು. ಮೂರನೇ ದಿನ ಅದನ್ನ ಎತ್ತಿ ಕಪಾಟಿನ ಮೇಲಿಟ್ಟು, ಕಿಟಕಿಗೆ ಒಂದು ಒದ್ದೆ ಗೋಣಿಚೀಲ ಕಟ್ಟಿದ್ರು. ನಾಚಿಕೆಯ ವಿಷಯ ಏನಂದ್ರೆ, ಗೋಣಿಚೀಲವೇ ಚೆನ್ನಾಗಿ ಕೆಲಸ ಮಾಡ್ತು.

ಯಾಕೆ ಹೀಗಾಯ್ತು ಅಂತ ಗೊತ್ತಾಗಿದ್ದು ಈ ಸೆಮ್‌ನ ಥರ್ಮೋ ಕ್ಲಾಸಲ್ಲಿ, ಸೈಕ್ರೋಮೆಟ್ರಿಕ್ ಚಾರ್ಟ್ ಬಂದಾಗ. ಅದೇ, ಬೂಟಿನ ಆಕಾರದ, ಗೆರೆ ಮೇಲೆ ಗೆರೆ ಇರೋ ಆ ಭಯಂಕರ ಹಾಳೆ. ಅದರ ಹಿಂದಿರುವ ಮನುಷ್ಯನ ಬಗ್ಗೆ ಓದ್ತಾ ಹೋದೆ. ಹೆಸರು ನಿಮಗೂ ಗೊತ್ತು. ಎಸಿ ಡಬ್ಬದ ಮೇಲೆ ನೋಡಿರ್ತೀರಿ.

ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಅಂಗೋಲಾ ಅನ್ನೋ ಸಣ್ಣ ಊರಿನ ಪಕ್ಕದ ಒಂದು ಹೊಲಮನೆಯಲ್ಲಿ. ಹತ್ತಿರದಲ್ಲೇ ಇಯರಿ ಸರೋವರ, ಚಳಿಗಾಲದಲ್ಲಿ ಹಿಮ ಸುರಿಯೋ ಸೀಮೆ. ಜಗತ್ತಿಗೆ ತಂಪು ಹಂಚಿದವರು ಹುಟ್ಟಿದ್ದು ತಂಪು ಸಾಕಪ್ಪಾ ಸಾಕು ಅನ್ನೋ ಊರಲ್ಲಿ! ಮನೆಗೆ ಒಬ್ಬನೇ ಮಗ. ಅಮ್ಮ ಎಲಿಜಬೆತ್‌ಗೆ ಗಡಿಯಾರ, ಹೊಲಿಗೆ ಮೆಷಿನ್ ಎಲ್ಲ ತಾವೇ ಬಿಚ್ಚಿ ರಿಪೇರಿ ಮಾಡೋ ಕೈಗುಣ ಇತ್ತು. ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತದೇ ಇದ್ದಾಗ ಅಮ್ಮ ನೆಲಮಾಳಿಗೆಯಿಂದ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಅಂತ ಕತ್ತರಿಸಿ ಕೂಡಿಸೋದು ಕಳೆಯೋದು ಹೇಳಿಕೊಟ್ಟರಂತೆ. ದೊಡ್ಡ ಲೆಕ್ಕವನ್ನ ತುಂಡು ಮಾಡಿ ನೋಡೋ ಬುದ್ಧಿ ತನಗೆ ಅಲ್ಲಿಂದಲೇ ಬಂತು ಅಂತ ಕ್ಯಾರಿಯರ್ ಮುಂದೆ ನೆನೆಸಿಕೊಳ್ಳುತ್ತಿದ್ದರು. ಮಗನಿಗೆ 11 ವರ್ಷ ಆಗಿದ್ದಾಗ ಆ ತಾಯಿ ತೀರಿಹೋದರು.

ಮನೆಯಲ್ಲಿ ದುಡ್ಡಿಲ್ಲ. ಹೈಸ್ಕೂಲ್ ಮುಗಿದ ಮೇಲೆ ಒಂದಷ್ಟು ಕಾಲ ಮೇಷ್ಟರಾಗಿ ಪಾಠ ಮಾಡಿ, ಆಮೇಲೆ ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಊಟ ವಸತಿಯ ಖರ್ಚಿಗೆ ಹುಲ್ಲು ಕತ್ತರಿಸೋದು, ಬೇರೆಯವರ ಮನೆಯ ಒಲೆ ನೋಡಿಕೊಳ್ಳೋದು, ಹೀಗೆ ಸಿಕ್ಕಿದ ಕೆಲಸ ಮಾಡಿದರು. 1901ರಲ್ಲಿ ಡಿಗ್ರಿ ಕೈಗೆ ಬಂತು. ಬಫಲೋ ಫೋರ್ಜ್ ಅನ್ನೋ ಕಂಪನಿಯಲ್ಲಿ ಪ್ಲೇಸ್‌ಮೆಂಟ್, ವಾರಕ್ಕೆ 10 ಡಾಲರ್ ಸಂಬಳ. ಅವರ ಪ್ಯಾಕೇಜ್ ಕೇಳಿ ನಮ್ಮ ಸೀನಿಯರ್‌ಗಳು ಸಮಾಧಾನ ಮಾಡಿಕೊಳ್ಳಬಹುದು.

ಆ ಕಂಪನಿ ಮಾಡ್ತಾ ಇದ್ದದ್ದು ಬ್ಲೋವರ್, ಹೀಟರ್‌ನಂಥ ಸಾಮಾನು. ಒಂದು ವರ್ಷ ಕಳೆಯೋದರೊಳಗೆ ಒಂದು ವಿಚಿತ್ರ ಸಮಸ್ಯೆ ಬಂತು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಅನ್ನೋ ಮುದ್ರಣಾಲಯ. ಅಲ್ಲಿ ಬಣ್ಣದ ಚಿತ್ರಗಳನ್ನ ಒಂದೊಂದೇ ಬಣ್ಣವಾಗಿ ಅಚ್ಚು ಹಾಕ್ತಾ ಇದ್ರು. ತೇವ ಜಾಸ್ತಿ ಆದ ದಿನ ಕಾಗದ ಹಿಗ್ಗುತ್ತೆ, ಒಣ ದಿನ ಕುಗ್ಗುತ್ತೆ, ಎರಡನೇ ಬಣ್ಣ ಮೊದಲನೇದರ ಮೇಲೆ ಸರಿಯಾಗಿ ಕೂರಲ್ಲ. ಮಳೆಗಾಲದಲ್ಲಿ ತರೀಕೆರೆಯ ನಮ್ಮ ಮಾವನ ಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಲ್ಲ, ಅದೇ ಕಾಟ. ಇಲ್ಲಿ ಗಮನಿಸಿ: ಪ್ರೆಸ್ಸಿನವರು ಕೆಲಸಗಾರರಿಗೆ ಸೆಕೆ ಆಗುತ್ತೆ ಅಂತ ಬಂದದ್ದಲ್ಲ. ಅವರ ಚಿಂತೆ ಕಾಗದದ್ದು.

ಕ್ಯಾರಿಯರ್‌ಗೆ ಆಗ 25 ವರ್ಷ. ನಮಗಿಂತ ಆರೇ ವರ್ಷ ದೊಡ್ಡವರು. 1902ರ ಜುಲೈನಲ್ಲಿ ಅವರು ತಯಾರಿಸಿದ ನಕ್ಷೆಯಲ್ಲಿ ಕೊಳವೆ ಸುರುಳಿಗಳ ಒಳಗೆ ತಣ್ಣೀರು, ಹೊರಗೆ ಫ್ಯಾನಿನ ಗಾಳಿ. ಗಾಳಿ ತಣ್ಣಗಾದಾಗ ಅದರ ತೇವ ಹನಿಯಾಗಿ ಇಳಿದುಹೋಗುತ್ತೆ. ಗುರಿ ಇಟ್ಟದ್ದು ವರ್ಷಪೂರ್ತಿ 55 ಪರ್ಸೆಂಟ್ ಸಾಪೇಕ್ಷ ಆರ್ದ್ರತೆಗೆ. ಇವತ್ತು ನಾವು ಎಸಿ ಅಂತ ಕರೆಯೋದರ ಮೊದಲ ಹೆಜ್ಜೆ ಅದೇ.

ಆದರೆ ನಿಜವಾದ ಹೊಳಹು ಬಂದದ್ದು ಅದೇ ವರ್ಷದ ಕೊನೆಗೆ, ಪಿಟ್ಸ್‌ಬರ್ಗ್ ರೈಲ್ವೆ ಸ್ಟೇಷನ್ನಿನಲ್ಲಿ. ರೈಲಿಗೆ ಕಾಯ್ತಾ ನಿಂತಿದ್ದರು, ದಟ್ಟ ಮಂಜು ಕವಿದಿತ್ತು. ಡಿಸೆಂಬರ್ ಬೆಳಗ್ಗೆ ಬೀರೂರು ಜಂಕ್ಷನ್‌ನಲ್ಲಿ ಶಿವಮೊಗ್ಗ ಕಡೆ ಗಾಡಿಗೆ ಕಾಯೋವಾಗ ಎದುರಿನ ಪ್ಲಾಟ್‌ಫಾರಂ ಕಾಣದ ಹಾಗೆ ಮಂಜು ಇರುತ್ತಲ್ಲ, ನಾವೆಲ್ಲ ಅದನ್ನ ಸ್ಟೇಟಸ್‌ಗೆ ಹಾಕ್ತೀವಿ. ಕ್ಯಾರಿಯರ್ ಲೆಕ್ಕ ಹಾಕಿದರು. ಮಂಜಿನ ಗಾಳಿ ನೂರಕ್ಕೆ ನೂರು ತೇವದಿಂದ ತುಂಬಿದೆ, ಆದರೂ ತಣ್ಣಗಿರೋದರಿಂದ ಅದರಲ್ಲಿರೋ ನೀರಾವಿ ಒಟ್ಟಿನಲ್ಲಿ ಕಡಿಮೆಯೇ. ಹಾಗಾದ್ರೆ ಬೇಕಾದ ಉಷ್ಣತೆಯ ಮಂಜನ್ನ ನಾನೇ ಸೃಷ್ಟಿ ಮಾಡಿದ್ರೆ ಗಾಳಿಯಲ್ಲಿ ಎಷ್ಟು ನೀರು ಉಳಿಯಬೇಕು ಅಂತ ನಾನೇ ತೀರ್ಮಾನಿಸಬಹುದಲ್ಲ! ಆಮೇಲೆ ಆ ಗಾಳಿಯನ್ನ ಸ್ವಲ್ಪ ಬೆಚ್ಚಗೆ ಮಾಡಿದ್ರೆ ಅದೇ ಒಣ ಗಾಳಿ.

ಗಾಳಿಯನ್ನ ನೀರಿನ ತುಂತುರಿನೊಳಗೆ ಹಾಯಿಸಿ ಒಣಗಿಸೋದು ಅಂದ್ರೆ ಕೇಳೋಕೇ ತಮಾಷೆ. ಆದ್ರೆ ಇದೇ ಇಡೀ ಕಥೆಯ ಬೀಗದ ಕೈ. ತುಂತುರಿನ ನೀರು ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿದ್ರೆ ಗಾಳಿ ನೀರು ಬಿಡುತ್ತೆ. ಹಾಗಿಲ್ಲದೆ ಅದೇ ನೀರನ್ನ ಮತ್ತೆ ಮತ್ತೆ ಸುತ್ತಿಸ್ತಾ ಇದ್ರೆ ಗಾಳಿ ನೀರು ಕುಡಿಯುತ್ತೆ. ಒಂದೇ ಪೆಟ್ಟಿಗೆ, ಎರಡು ಕೆಲಸ. 1906ರ ಜನವರಿ 2ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು. ಏರ್ ಕಂಡೀಷನಿಂಗ್ ಅನ್ನೋ ಹೆಸರು ಮಾತ್ರ ಕ್ಯಾರಿಯರ್‌ದಲ್ಲ. ಸ್ಟುವರ್ಟ್ ಕ್ರೇಮರ್ ಅನ್ನೋ ಬಟ್ಟೆ ಗಿರಣಿ ಎಂಜಿನಿಯರ್ ಅದೇ ವರ್ಷ ಬಳಸಿದ್ದು. ಗಿರಣಿಗಳಿಗೆ ಬೇಕಾಗಿದ್ದು ಉಲ್ಟಾ ಕೆಲಸ: ಗಾಳಿ ಒಣಗಿದ್ರೆ ನೂಲು ಕಡಿಯುತ್ತೆ, ಹಾಗಾಗಿ ತೇವ ಸೇರಿಸಬೇಕು. 1907ರಲ್ಲಿ ಜಪಾನಿನ ಯೊಕೊಹಾಮಾದ ಒಂದು ರೇಷ್ಮೆ ಗಿರಣಿಗೂ ಅವರ ಯಂತ್ರ ಹೋಯಿತು.

1911ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ ಮುಂದೆ ಅವರು ಸೈಕ್ರೋಮೆಟ್ರಿಕ್ ಸೂತ್ರಗಳ ಪ್ರಬಂಧ ಮಂಡಿಸಿದರು. ನಮ್ಮ ಚಾರ್ಟಿನ ಮೂಲ ಅಲ್ಲಿದೆ. ಅಲ್ಲಿಯವರೆಗೆ ಗಾಳಿಯ ತೇವ ಅಂದ್ರೆ ಅಂದಾಜು, ಅನುಭವ. ಅವತ್ತಿನಿಂದ ಅದು ಲೆಕ್ಕ.

ಆ ಲೆಕ್ಕವನ್ನ ನಾನು ಅಜ್ಜಂಪುರಕ್ಕೆ ತಗೊಂಡು ಹೋದೆ. ಒಂದು ಮಾಮೂಲಿ ಥರ್ಮಾಮೀಟರ್, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಮುಂದೆ ಹಿಡಿದದ್ದು. ಮಧ್ಯಾಹ್ನ ಮೂರಕ್ಕೆ ಒಣಗಿದ್ದು 37 ಡಿಗ್ರಿ, ಒದ್ದೆಯದ್ದು 22. ನೀರು ಆವಿ ಮಾಡಿ ತಂಪು ಕೊಡೋ ಯಾವ ಕೂಲರ್ರೂ ಆ 22ರ ಕೆಳಗೆ ಇಳಿಯಲ್ಲ. ಆ 15 ಡಿಗ್ರಿ ವ್ಯತ್ಯಾಸದಲ್ಲಿ ಮುಕ್ಕಾಲು ಭಾಗ ಸಿಕ್ಕರೂ ಗಾಳಿ 26ಕ್ಕೆ ಬರುತ್ತೆ, ಅಜ್ಜಿಗೆ ಅಷ್ಟು ಸಾಕು. ಅಂದ್ರೆ ಕಡೂರು, ಅಜ್ಜಂಪುರದ ಒಣ ಬಯಲುಸೀಮೆ ಬೇಸಿಗೆಗೆ ಕೂಲರ್ ಸರಿಯಾದ ಆಯ್ಕೆಯೇ. ತಪ್ಪಿದ್ದು ಎಲ್ಲಿ?

ಗಾತ್ರದಲ್ಲಿ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೌಲ್ ಶಾಖ ಹೀರುತ್ತೆ. ನನ್ನ ಮಿನಿ ಎಸಿ ಅರ್ಧ ಲೀಟರನ್ನ ನಾಲ್ಕು ಗಂಟೆ ಓಡಿಸ್ತಾ ಇತ್ತು. ಭಾಗಿಸಿ ನೋಡಿ, 83 ವಾಟ್. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಬರುತ್ತೆ! ಆ ಡಬ್ಬಕ್ಕೆ ಅಜ್ಜಿ ಒಬ್ಬರ ಶಾಖ ತೆಗೆಯೋ ತಾಕತ್ತೂ ಇರಲಿಲ್ಲ, ಶೀಟಿನ ಬಿಸಿ ಎಲ್ಲಿಂದ ತೆಗೀಬೇಕು. ಒಂದು ಟನ್ ಎಸಿ ಅಂದ್ರೆ ಸುಮಾರು 3,500 ವಾಟ್. ಐಸ್ ಹಾಕಿ ಅನ್ನೋ ಸಲಹೆಯೂ ಅಷ್ಟಕ್ಕಷ್ಟೇ, ಒಂದು ಕೆ.ಜಿ. ಐಸ್ ಕರಗುವಾಗ ಹೀರೋದು 334 ಕಿಲೋಜೌಲ್, ಅಷ್ಟೇ ನೀರು ಆವಿಯಾದ್ರೆ ಅದರ ಏಳು ಪಟ್ಟು. ಅಜ್ಜಿಯ ಗೋಣಿಚೀಲ ಗೆದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ: ಅಗಲ ಜಾಸ್ತಿ, ಹೊರಗಿನ ಒಣ ಗಾಳಿ ನೇರ ಅದರ ಮೂಲಕ ಒಳಗೆ ಬರ್ತಿತ್ತು.

ಇಷ್ಟು ಲೆಕ್ಕ ಬರೆದುಕೊಂಡು ಅಪ್ಪನ ಜೊತೆ ಕಡೂರಿನ ಅಂಗಡಿಗೆ ಹೋದೆ. 20 ಲೀಟರ್ ಟ್ಯಾಂಕಿನ ಪರ್ಸನಲ್ ಕೂಲರ್, ಜೇನುಗೂಡಿನ ಥರದ ಪ್ಯಾಡ್. ಎಂಟು ಗಂಟೆಯಲ್ಲಿ ಟ್ಯಾಂಕ್ ಖಾಲಿ ಆದ್ರೆ ಸುಮಾರು 1,600 ವಾಟ್ ತಂಪು. ಅದು ಎಳೆಯೋ ಕರೆಂಟು ನೂರು ಚಿಲ್ಲರೆ ವಾಟ್, ಮನೆ ಇನ್ವರ್ಟರ್ ತಡೆಯುತ್ತೆ. ಗಾಲಿ ಇದೆ, ಅಜ್ಜಿ ತಾವೇ ತಳ್ಳಬಹುದು. ಅದನ್ನ ಕಿಟಕಿಗೆ ಬೆನ್ನು ಮಾಡಿ ಇಟ್ಟು ಎದುರಿನ ಬಾಗಿಲು ತೆಗೆದಿಟ್ಟೆವು. ಮುಚ್ಚಿದ್ರೆ ತೇವ ಒಳಗೇ ಕೂತು ಅರ್ಧ ಗಂಟೆಯಲ್ಲಿ ಮೈ ಅಂಟಂಟು. ನಮ್ಮ ಬೋರ್‌ವೆಲ್ ನೀರು ಗಡಸು, ಪ್ಯಾಡಿಗೆ ಬಿಳಿ ಪೊರೆ ಕಟ್ಟುತ್ತೆ, ಹಾಗಾಗಿ ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೀಬೇಕು. ತರೀಕೆರೆ ಮಾವನೂ ತನಗೊಂದು ಬೇಕು ಅಂದ್ರು. ಮೇ ಕೊನೆಯಲ್ಲಿ, ಒಂದು ಮಳೆ ಬಿದ್ದ ಮೇಲೆ ಅವರ ಮನೆಯಲ್ಲಿ ಅಳೆದೆ: 30 ಮತ್ತು 26. ನಾಲ್ಕೇ ಡಿಗ್ರಿ ವ್ಯತ್ಯಾಸ. ಬೇಡ ಮಾವ, ಒಳ್ಳೆ ಫ್ಯಾನ್ ತಗೊಳ್ಳಿ ಅಂದೆ. ಮಂಗಳೂರು ಕಡೆಯ ಹಾಸ್ಟೆಲ್ ಫ್ರೆಂಡ್ಸ್‌ಗೂ ಇದೇ ಉತ್ತರ.

ಕ್ಯಾರಿಯರ್ ಕಡೆ ಮತ್ತೆ ಬರ್ತೀನಿ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು, ಬಫಲೋ ಫೋರ್ಜ್ ಖರ್ಚು ಕಡಿಮೆ ಮಾಡೋಕೆ ಅವರ ವಿಭಾಗಕ್ಕೇ ಕತ್ತರಿ ಹಾಕಿತು. ಎರಡು ವರ್ಷದ ಹಿಂದಷ್ಟೇ ಮೊದಲ ಹೆಂಡತಿ ಎಡಿತ್ ತೀರಿಹೋಗಿದ್ದರು. 38ನೇ ವಯಸ್ಸಲ್ಲಿ ಅವರು, ಜೊತೆಗೆ ಆರು ಜನ ಎಂಜಿನಿಯರ್ ಗೆಳೆಯರು, ಕೂಡಿಟ್ಟ ದುಡ್ಡೆಲ್ಲ ಒಟ್ಟು ಮಾಡಿ, 32,600 ಡಾಲರ್ ಬಂಡವಾಳದಲ್ಲಿ 1915ರಲ್ಲಿ ಸ್ವಂತ ಕಂಪನಿ ತೆರೆದರು. ಸ್ಟಾರ್ಟಪ್ ಅನ್ನೋ ಪದ ಆಗ ಇರಲಿಲ್ಲ.

1922ರಲ್ಲಿ ಅವರು ಸೆಂಟ್ರಿಫ್ಯೂಗಲ್ ಚಿಲ್ಲರ್ ತೋರಿಸಿದರು. ವಿಷವಾದ ಅಮೋನಿಯಾ ಇಲ್ಲದ, ಜಾಗ ಕಡಿಮೆ ಹಿಡಿಯೋ ಯಂತ್ರ. ಜನ ಸೇರೋ ಕಡೆ ಇಡಬಹುದಾದ್ದರಿಂದ ಕಾಗದ, ನೂಲಿನ ಆಮೇಲೆ ಕೊನೆಗೂ ಮನುಷ್ಯರ ಸರದಿ ಬಂತು. 1924ರಲ್ಲಿ ಡೆಟ್ರಾಯಿಟ್‌ನ ಹಡ್ಸನ್ ಮಳಿಗೆಯ ನೆಲಮಾಳಿಗೆಗೆ ಅದನ್ನ ಹಾಕಿದರು. ರಿಯಾಯಿತಿ ಮಾರಾಟದ ನೂಕುನುಗ್ಗಲಲ್ಲಿ ಸೆಕೆಗೆ ಗಿರಾಕಿಗಳು ಮೂರ್ಛೆ ಹೋಗ್ತಾ ಇದ್ದ ಜಾಗ ಅದು.

ನನಗೆ ತುಂಬಾ ಇಷ್ಟವಾದ ಪ್ರಸಂಗ 1925ರದ್ದು. ನ್ಯೂಯಾರ್ಕ್‌ನ ರಿವೋಲಿ ಥಿಯೇಟರ್. ಹೊರಗೆ ತಂಪಿನ ಜಾಹೀರಾತು, ಒಳಗೆ ಕಿಕ್ಕಿರಿದ ಜನ. ಯಂತ್ರ ಚಾಲೂ ಆಗೋದು ತಡವಾಗಿದೆ, ಎಲ್ಲರೂ ಕೈಯಲ್ಲಿ ಬೀಸಣಿಗೆ ಹಿಡಿದು ಬೀಸಿಕೊಳ್ತಾ ಇದ್ದಾರೆ. ಕ್ಯಾರಿಯರ್ ಮತ್ತು ತಂಡದವರು ಹಿಂದೆ ನಿಂತು ನೋಡ್ತಾ ಇದ್ದಾರೆ. ಹತ್ತಾರು ನಿಮಿಷದಲ್ಲಿ ಒಂದೊಂದೇ ಬೀಸಣಿಗೆ ನಿಧಾನವಾಯ್ತು, ನಿಂತಿತು, ತೊಡೆ ಮೇಲೆ ಇಳಿಯಿತು. ಆಮೇಲೆ ಬೇಸಿಗೆ ಅಂದ್ರೆ ಥಿಯೇಟರ್ ಅನ್ನೋ ಹಾಗಾಯಿತು.

ಮನೆಯ ಎಸಿ ಮಾತ್ರ ಅವರ ಕಾಲಕ್ಕೆ ಹಿಡಿಯಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಂಪನಿ ಒದ್ದಾಡಿತು. 1939ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಇಗ್ಲೂ ಆಕಾರದ ಮಳಿಗೆ ಕಟ್ಟಿ ಜನರಿಗೆ ತಂಪಿನ ರುಚಿ ತೋರಿಸಿದರು, ಅಷ್ಟರಲ್ಲಿ ಮತ್ತೊಂದು ಯುದ್ಧ. ಅಮೆರಿಕದ ಮನೆಮನೆಗೆ ಎಸಿ ನುಗ್ಗಿದ್ದು 1950ರ ದಶಕದಲ್ಲಿ. ಕ್ಯಾರಿಯರ್ 1950ರ ಅಕ್ಟೋಬರ್ 7ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಜ್ಜಿ ಈಗ ಮಧ್ಯಾಹ್ನ ಕೂಲರ್ ಹಾಕಿಕೊಂಡು ಅದೇ ಶೀಟಿನ ರೂಮಲ್ಲಿ ಮಲಗ್ತಾರೆ, ನಾಲ್ಕು ಗಂಟೆಗೆ ಎದ್ದು ಕಾಫಿ ಕೇಳ್ತಾರೆ. ತಾಳೆಗರಿಯ ಬೀಸಣಿಗೆ ಮಾತ್ರ ಇನ್ನೂ ದಿಂಬಿನ ಪಕ್ಕದಲ್ಲೇ ಇದೆ. ಕರೆಂಟನ್ನ ನಂಬೋಕಾಗಲ್ವಂತೆ.