ಬೂಟಿನ ಊರಿನಲ್ಲಿ ಪಾಳವಣಕರ ಬಾಳೂ

ಈ ಸಲದ ನಮ್ಮ ಕ್ರಿಕೆಟ್ ಟೂರ್ನಮೆಂಟಿನ ಟ್ರೋಫಿಗೆ ಪಾಳವಣಕರ ಬಾಳೂ ಅವರ ಹೆಸರಿಡೋಣ ಅಂತ ನಾನು ಮೀಟಿಂಗಿನಲ್ಲಿ ಹೇಳಿದೆ. ಹುಡುಗರಿಗೆ ಯಾರು ಅಂತ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬ ಹಿರಿಯರು ಮಾತ್ರ, ಬಾಬಾಸಾಹೇಬರ ವಿರುದ್ಧ ಚುನಾವಣೆಗೆ ನಿಂತವರ ಹೆಸರು ನಮಗ್ಯಾಕೆ ಬೇಕು ಅಂತ ಸಿಟ್ಟಾದರು. ಅವರ ಸಿಟ್ಟು ಸುಳ್ಳಲ್ಲ. ಅದಕ್ಕೇ ಪೂರಾ ಕಥೆ ಇಲ್ಲಿ ಬರೀತಾ ಇದ್ದೀನಿ, ಓದಿ ನೀವೇ ವಿಚಾರ ಮಾಡ್ರಿ.

ಬಾಳೂ ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಾಗ. ಮನೆತನ ಕೊಂಕಣದ ಪಾಳವಣ ಊರಿಂದು, ಮನೆಮಾತು ಮರಾಠಿ. ನಾವು ಮಹಾರಾಷ್ಟ್ರದಾಗ ಇದ್ದು ಕನ್ನಡ ಮಾತಾಡ್ತೀವಿ, ಅವರದು ಉಲ್ಟಾ. ಜಾತಿಯಿಂದ ಚಾಂಭಾರರು, ಅಂದರೆ ನಮ್ಮ ಕಡೆ ಸಮಗಾರರು ಅಂತಾರಲ್ಲ, ಚರ್ಮದ ಕೆಲಸದ ಮಂದಿ. ಅಪ್ಪನ ಮಿಲಿಟರಿ ನೌಕರಿಯಿಂದ ಕುಟುಂಬ ಪುಣೆಗೆ ಬಂತು. ಅಲ್ಲಿ ಸೋಲ್ಜರುಗಳು ಬಿಟ್ಟ ಹಳೇ ಸಾಮಾನಿನಲ್ಲಿ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಮೊದಲ ನೌಕರಿ ಪಾರ್ಸಿಗಳ ಒಂದು ಕ್ಲಬ್ಬಿನಲ್ಲಿ, ಪಿಚ್ ಗುಡಿಸಿ ರೋಲರ್ ಎಳೆಯೋದು, ತಿಂಗಳಿಗೆ 3 ರೂಪಾಯಿ. ಆಮೇಲೆ ಗೋರಾಗಳ ಪೂನಾ ಕ್ಲಬ್ಬಿಗೆ ಸೇರಿದರು, ಪಗಾರ 4 ರೂಪಾಯಿ ಆಯ್ತು.

ಅಲ್ಲಿ ಸಾಹೇಬರಿಗೆ ಪ್ರಾಕ್ಟೀಸ್ ಬೇಕಾದಾಗ ಬಾಲ್ ಹಾಕೋಕೆ ಈ ಹುಡುಗನನ್ನೇ ಕರೀತಿದ್ದರು. ಎಡಗೈ, ನಿಧಾನದ ಸ್ಪಿನ್. ಗ್ರೇಗ್ ಅಂತ ದೊಡ್ಡ ಬ್ಯಾಟ್ಸ್‌ಮನ್ ಇದ್ದ, ತನ್ನನ್ನು ಔಟ್ ಮಾಡಿದಾಗೆಲ್ಲ ಬಾಳೂಗೆ ಎಂಟಾಣೆ ಕೊಡ್ತಿದ್ದ ಅಂತ ಹೇಳ್ತಾರೆ. ಆದರೆ ಬ್ಯಾಟ್ ಮಾತ್ರ ಅಲ್ಲಿ ಯಾರೂ ಅವರ ಕೈಗೆ ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರದು, ಬೌಲಿಂಗ್ ಆಳುಗಳದು. (ನಮ್ಮ ಓಣ್ಯಾಗೂ ಬ್ಯಾಟಿಗೇ ಜಗಳ, ಬಾಲ್ ಹಾಕಾಕ ಸಣ್ಣ ಹುಡುಗರು.)

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಗೋರಾಗಳನ್ನು ಸೋಲಿಸಬೇಕಿತ್ತು. ಇಂಥ ಬೌಲರ್ ಬೇಕು, ಆದರೆ ಮುಟ್ಟಿಸಿಕೊಳ್ಳಬಾರದು! ಜಗಳ ಆಗಿ ಕಡೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಅದೇ ಬಾಲ್ ಎಲ್ಲರೂ ಹಿಡೀತಿದ್ದರು. ಟೀ ಹೊತ್ತಿಗೆ ಉಳಿದವರಿಗೆ ಒಳಗೆ ಪಿಂಗಾಣಿ ಕಪ್, ಬಾಳೂಗೆ ಹೊರಗೆ ಬಿಸಾಕೋ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಾಟು, ಬೇರೆ ಟೇಬಲ್. ಕೈಮುಖ ತೊಳೆಯೋಕೆ ಮೈದಾನದ ಮೂಲೆಗೆ ನಮ್ಮವನೇ ಒಬ್ಬ ಆಳು ನೀರು ತಂದು ಹಾಕಬೇಕಿತ್ತು. ಮುಂದೆ ಮುಂಬೈಗೆ ಹೋಗಿ ಹಿಂದೂ ಜಿಮಖಾನಾ ಪರ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು, ಅದರಲ್ಲಿ ಬಾಳೂ ತೆಗೆದದ್ದು 8 ವಿಕೆಟ್.

1911ರಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ ಎಲ್ಲ ಸೇರಿದ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಕ್ಯಾಪ್ಟನ್ ಪಟಿಯಾಲದ ಮಹಾರಾಜ. ಆ ವರ್ಷ ಜೂನಿನಲ್ಲಿ ಐದನೇ ಜಾರ್ಜನ ಪಟ್ಟಾಭಿಷೇಕ ಇತ್ತು. ಮಹಾರಾಜರಿಗೆ ಪಾರ್ಟಿಗಳೇ ಹೆಚ್ಚಾಗಿ ಆಟ ಕಮ್ಮಿ ಆಯ್ತು. ತಂಡ ಒಂದರ ಹಿಂದೆ ಒಂದು ಮ್ಯಾಚ್ ಸೋತಿತು. ಬಾಳೂ ಭುಜದ ನೋವಿನಲ್ಲೂ ಬಾಲ್ ಹಾಕ್ತಾನೇ ಇದ್ದರು.

ಮೊದಲ ದೊಡ್ಡ ಗೆಲುವು ಬಂದದ್ದು ಲೆಸ್ಟರ್‌ಶೈರ್ ಕೌಂಟಿ ಮೇಲೆ. ಡಾ. ಕಾಂಗಾ 163 ಹೊಡೆದರು, ಬಾಳೂ ವಿಕೆಟ್ ತೆಗೆದರು. ಆ ಲೆಸ್ಟರ್ ಎಂಥ ಊರು ಗೊತ್ತೇನು? ಬೂಟು, ಕಾಲುಚೀಲ ತಯಾರಾಗೋ ಊರು. ಅಲ್ಲಿ ಸಾವಿರಾರು ಮಂದಿ ಚರ್ಮ ಕತ್ತರಿಸಿ, ಹೊಲಿದು ಹೊಟ್ಟೆ ತುಂಬಿಸಿಕೊಳ್ತಿದ್ದರು. ಆಗ ಕೌಂಟಿ ಮ್ಯಾಚ್ ಮೂರು ದಿನ, ಟಿಕೆಟ್ ಆರು ಪೆನ್ಸ್. ಆ ಬೇಸಿಗೆ ಇಂಗ್ಲೆಂಡಿನಲ್ಲಿ ಭಯಂಕರ ಬಿಸಿಲು. ಫ್ಯಾಕ್ಟರಿಯಿಂದ ರಜೆ ಸಿಕ್ಕ ಒಬ್ಬ ಬೂಟು ಕೆಲಸಗಾರ ಆರು ಪೆನ್ಸ್ ಕೊಟ್ಟು ಬಂದು ಬೆಂಚಿನ ಮೇಲೆ ಕೂತು ಬಾಳೂ ಅವರ ಬೌಲಿಂಗ್ ನೋಡಿರಬೇಕು ಅಂತ ನನಗೆ ಅನ್ನಿಸ್ತದೆ. ಅವನ ಕೈಗೂ ಚರ್ಮದ ವಾಸನೆ, ಆದರೆ ಅವನನ್ನು ಆ ಕೆಲಸಕ್ಕಾಗಿ ಯಾರೂ ಊರ ಹೊರಗೆ ಇಟ್ಟಿರಲಿಲ್ಲ. ಮೈದಾನದಾಗ ಬಾಲ್ ಹಾಕ್ತಿರೋ ಮನುಷ್ಯನಿಗೆ ಅವನ ದೇಶದಾಗ ಟೀ ಯಾವ ಪಾತ್ರೆಯಲ್ಲಿ ಕೊಡ್ತಾರೆ ಅನ್ನೋದು ಅವನಿಗೆ ಹೆಂಗ ಗೊತ್ತಾಗಬೇಕು?

ಹಂಗಂತ ಇಂಗ್ಲೆಂಡಿನ ಆಟದಲ್ಲಿ ಭೇದ ಇರಲಿಲ್ಲ ಅಂತಲ್ಲ. ಕೌಂಟಿ ತಂಡದಲ್ಲಿ ದುಡ್ಡು ತಗೊಳ್ಳದೆ ಆಡೋ ಶ್ರೀಮಂತರು ಬೇರೆ, ಕೂಲಿಗೆ ಆಡೋ ದುಡಿಯೋ ಮಂದಿ ಬೇರೆ. ಬಟ್ಟೆ ಬದಲಿಸೋ ಕೋಣೆ ಬೇರೆ, ಕೆಲವು ಕಡೆ ಮೈದಾನಕ್ಕೆ ಇಳಿಯೋ ಗೇಟೂ ಬೇರೆ. ಸ್ಕೋರ್ ಕಾರ್ಡಿನಲ್ಲಿ ಹೆಸರು ಬರೆಯೋ ರೀತಿಯೂ ಬೇರೆ. ಕ್ಯಾಪ್ಟನ್ ಹೆಚ್ಚಾಗಿ ಶ್ರೀಮಂತನೇ, ದಿನಪೂರ್ತಿ ಬಾಲ್ ಹಾಕೋ ಭಾರ ಬಹಳ ಮಟ್ಟಿಗೆ ಕೂಲಿಯವರ ಮೇಲೆ. 1962ರ ತನಕ ಈ ಪದ್ಧತಿ ಇತ್ತು. ಆದರೆ ಅಲ್ಲಿ ಕೂಲಿಯವನ ಮಗ ದುಡ್ಡು ಮಾಡಿದರೆ ಆ ಗೇಟು ದಾಟಬಹುದಿತ್ತು. ನಮ್ಮಲ್ಲಿ 8 ವಿಕೆಟ್ ತೆಗೆದರೂ ಕುಡಿಕೆ ಕುಡಿಕೆನೇ.

ಆ ಮೇಲೆ ಟಾಂಟನ್ ಊರಲ್ಲಿ ಸಾಮರ್ಸೆಟ್ ಮೇಲೆ ಒಂದೇ ವಿಕೆಟ್ ಉಳಿಸಿಕೊಂಡು ಗೆದ್ದರು. ಅಲ್ಲಿ ತಮ್ಮ ಶಿವರಾಮ ಔಟಾಗದೆ 113. ಪ್ರವಾಸದ 23 ಮ್ಯಾಚಿನಲ್ಲಿ ತಂಡ ಗೆದ್ದದ್ದು 6 ಮಾತ್ರ, ಬಾಳೂ ಒಬ್ಬರೇ ತೆಗೆದ ವಿಕೆಟ್ 114. ಕೇಂಬ್ರಿಡ್ಜ್ ಯೂನಿವರ್ಸಿಟಿ ಮೇಲೆ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ 8.

ತಿರುಗಿ ಬಂದಾಗ ಮುಂಬೈಯಲ್ಲಿ ನಮ್ಮ ಜನ ಅವರಿಗೆ ಸತ್ಕಾರ ಮಾಡಿದರು. ಅದರಲ್ಲಿ ಮುಂದಾಗಿ ಪಾಲ್ಗೊಂಡವರಲ್ಲಿ ಕಾಲೇಜು ಓದುತ್ತಿದ್ದ ಇಪ್ಪತ್ತು ವರ್ಷದ ಭೀಮರಾವ ಅಂಬೇಡ್ಕರರೂ ಒಬ್ಬರು. ಅಂದರೆ ನಮ್ಮ ನಿಮ್ಮ ವಯಸ್ಸು.

ಇಷ್ಟಾದರೂ ಬಾಳೂ ಅವರನ್ನು ಹಿಂದೂ ತಂಡದ ಕ್ಯಾಪ್ಟನ್ ಮಾಡಲಿಲ್ಲ. ಪೈ ಅನ್ನೋರು ಕ್ಯಾಪ್ಟನ್ ಆದಾಗ, ಈ ಮಾನ ಬಾಳೂಗೆ ಸಲ್ಲಬೇಕಿತ್ತು ಅಂತ ಅವರೇ ಸಭೆಯಲ್ಲಿ ಹೇಳಿದರು. 1920ರಲ್ಲಿ ಬಾಳೂ ಅವರನ್ನು ಕೈಬಿಟ್ಟು, ತಮ್ಮ ವಿಠ್ಠಲನಿಗೂ ಕ್ಯಾಪ್ಟನ್ ಸ್ಥಾನ ಕೊಡದೇ ಹೋದಾಗ ವಿಠ್ಠಲ, ಶಿವರಾಮ ಇಬ್ಬರೂ ಆಡೋದಿಲ್ಲ ಅಂತ ಹೊರಗೆ ಉಳಿದರು. ನನಗೆ ಅವರ 114 ವಿಕೆಟ್ಟಿಗಿಂತ ಈ ತಮ್ಮಂದಿರ ಬಹಿಷ್ಕಾರ ದೊಡ್ಡದಾಗಿ ಕಾಣ್ತದೆ. ಕಡೆಗೆ 1923ರಲ್ಲಿ ವಿಠ್ಠಲ ಕ್ಯಾಪ್ಟನ್ ಆದರು.

ಇನ್ನು ಆ ಹಿರಿಯರ ಮಾತಿಗೆ ಬರೋಣ. ಬಾಳೂ ಗಾಂಧಿ ಕಡೆಯವರಾದರು, ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ನಿಂತರು. 1932ರ ಪುಣೆ ಕರಾರಿಗೆ ಅವರ ಸಹಿಯೂ ಇದೆ. 1937ರಲ್ಲಿ ಕಾಂಗ್ರೆಸ್ಸು ಮುಂಬೈಯಲ್ಲಿ ಬಾಬಾಸಾಹೇಬರ ವಿರುದ್ಧ ಅವರನ್ನೇ ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಓಟು, ಬಾಳೂಗೆ 11,225. ಬಾಳೂ ಮಾಡಿದ್ದು ತಪ್ಪು ಅಂತ ನಾನೂ ಹೇಳ್ತೀನಿ. ಕ್ಯಾಪ್ಟನ್ ಮಾಡದ ಮಂದಿ ಓಟಿಗೆ ಮಾತ್ರ ಅವರನ್ನು ಮುಂದೆ ಮಾಡಿದರು, ಅವರು ಹೋಗಿ ನಿಂತರು. ಒಳಗೆ ಕೂತು ಟೀ ಕುಡಿಯೋ ಆಸೆ ಒಬ್ಬ ಮನುಷ್ಯನಿಗೆ ಅಷ್ಟು ದಿನ ಉಳೀತಿತ್ತೋ ಏನೋ.

1955ರ ಜುಲೈ 4ರಂದು ಮುಂಬೈಯಲ್ಲಿ ತೀರಿಕೊಂಡರು.

ಟ್ರೋಫಿ ಹೆಸರು ಮುಂದಿನ ಮೀಟಿಂಗಿನಲ್ಲಿ ತೀರ್ಮಾನ ಆಗಲಿ. ಹಿರಿಯರ ಮೇಲೆ ಗೌರವ ಇಟ್ಟೇ ಹೇಳ್ತೀನಿ, ನನ್ನ ಕೈ ಬಾಳೂ ಕಡೆಗೇ ಏಳ್ತದೆ.