ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹೆಸರಾಂತ ಎಂಜಿನಿಯರರು ಹಾಗೂ ಮೈಸೂರು ಸಂಸ್ಥಾನದ ದಿವಾನರು (1912–1918). ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರ ಆರಂಭಿಕ ವಿದ್ಯಾಭ್ಯಾಸ ಚಿಕ್ಕಬಳ್ಳಾಪುರದಲ್ಲಿಯೇ ನಡೆಯಿತು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಮೋಟಾರು ಕಾರ್ಖಾನೆಯ ಯೋಜನೆ

ಕನ್ನಂಬಾಡಿ ಕಟ್ಟೆಯ ಕೀರ್ತಿಯ ಮರೆಯಲ್ಲಿ ಜನರ ಗಮನಕ್ಕೆ ಅಷ್ಟಾಗಿ ಬಾರದೆ ಉಳಿದಿರುವುದು ಅವರ ಮೋಟಾರು ಕಾರ್ಖಾನೆಯ ಯತ್ನ. ಜನರಲ್ ಮೋಟರ್ಸ್ ಕಂಪನಿಯು 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಹೊರತರುತ್ತಿತ್ತಾದರೂ ಅದು ಹೊರದೇಶದಿಂದ ಬಂದ ಬಿಡಿಭಾಗಗಳ ಜೋಡಣೆಯಷ್ಟೇ ಆಗಿತ್ತು. ಎಪ್ಪತ್ತು ದಾಟಿದ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಮತ್ತು ಅಮೆರಿಕಗಳಿಗೆ ತೆರಳಿ, ಅಲ್ಲಿನ ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲಿಯೇ ಕಾರು, ಲಾರಿಗಳನ್ನು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಮುಂದಾಯಿತು. 1939ರಲ್ಲಿ ಅದು ರಾಜೀನಾಮೆ ನೀಡಿದ್ದರಿಂದ ಕೆಲಸ ನಿಂತುಹೋಯಿತು. ಬಳಿಕ ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸುವ ಪ್ರಯತ್ನಕ್ಕೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ವಿಚಿತ್ರವೆಂದರೆ, ಕಾರು ಬಾರದ ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. ಅದರ ಸ್ಥಾಪಕರಾದ ವಾಲ್‌ಚಂದ್ ಹೀರಾಚಂದರು ಮೋಟಾರು ಯೋಜನೆಯಲ್ಲಿಯೂ ವಿಶ್ವೇಶ್ವರಯ್ಯನವರ ಜೊತೆಗಿದ್ದವರು; 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದವರೂ ಅವರೇ.

ಕೊನೆಯ ವರ್ಷಗಳು

1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷ ತುಂಬಿದ ಅವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಸ್ಮಾರಕ ಮುದ್ದೇನಹಳ್ಳಿಯಲ್ಲಿದೆ.