ಕಾಶಿಯ ಲಾಲ್ ಬಹದ್ದೂರ್ ಶಾಸ್ತ್ರಿಗಳು

ಕಾಶಿಯೆಂದೊಡನೆ ಕನ್ನಡಿಗರಾದ ನಮಗೆ ವಿಶ್ವನಾಥನೂ ಗಂಗೆಯೂ ಅನ್ನಪೂರ್ಣೆಯೂ ನೆನಪಿಗೆ ಬರುವುದು ಸಹಜ. ಅನ್ನಪೂರ್ಣೆ ನೆಲೆಸಿರುವ ಆ ಕ್ಷೇತ್ರದಲ್ಲಿಯೇ ಓದಿ ಬೆಳೆದ ಬಡ ಬಾಲಕನೊಬ್ಬನು ಮುಂದೆ ದೇಶದ ಪ್ರಧಾನಮಂತ್ರಿಯಾಗಿ, ಪರದೇಶದ ಗೋಧಿಯ ಹಡಗುಗಳನ್ನು ಎದುರು ನೋಡುತ್ತಿದ್ದ ಭಾರತಕ್ಕೆ ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳುವ ಮಾರ್ಗವನ್ನು ತೋರಿದನು. ಆತನೇ ಲಾಲ್ ಬಹದ್ದೂರ್ ಶಾಸ್ತ್ರಿ.

ಶಾಸ್ತ್ರಿಗಳು 1904ನೆಯ ಇಸವಿ ಅಕ್ಟೋಬರ್ 2ರಂದು ಕಾಶಿಗೆ ಸಮೀಪದ ಮೊಗಲ್‌ಸರಾಯ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಶಾರದಾ ಪ್ರಸಾದರು. ತಾಯಿ ರಾಮದುಲಾರಿ ದೇವಿ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿಯ ತವರುಮನೆಯೇ ಬಾಲಕನಿಗೆ ಆಸರೆಯಾಯಿತು. ಮೇಲಿನ ತರಗತಿಗಳಿಗಾಗಿ ಆತನು ಕಾಶಿಯ ಬಂಧುಗಳ ಮನೆಗೆ ಬಂದು ಹರಿಶ್ಚಂದ್ರ ಪ್ರೌಢಶಾಲೆಯನ್ನು ಸೇರಿದನು. ದೋಣಿಗೆ ಕೊಡಲು ಕಾಸಿಲ್ಲದೆ ಗಂಗೆಯನ್ನು ಈಜಿ ದಾಟುತ್ತಿದ್ದನೆಂಬ ಕಥೆಯನ್ನು ಆ ಕಡೆಯ ಜನರು ಇಂದಿಗೂ ಹೇಳುತ್ತಾರೆ.

1921ರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂದಾಗ, ಪರೀಕ್ಷೆಯು ಹತ್ತಿರವಿದ್ದರೂ ಆತನು ಶಾಲೆಯನ್ನು ತೊರೆದನು. ಅದೇ ವರ್ಷ ಕಾಶಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಕ್ಷಣ ಸಂಸ್ಥೆಯಾದ ಕಾಶೀ ವಿದ್ಯಾಪೀಠವನ್ನು ಸೇರಿ, 1925ರಲ್ಲಿ ಶಾಸ್ತ್ರಿ ಎಂಬ ಪದವಿಯನ್ನು ಪಡೆದನು. ಜಾತಿಸೂಚಕವಾದ ಹೆಸರನ್ನು ಬಿಟ್ಟುಬಿಟ್ಟಿದ್ದ ಆ ಯುವಕನಿಗೆ ವಿದ್ಯೆಯಿಂದ ಬಂದ ಈ ಹೆಸರೇ ಶಾಶ್ವತವಾಯಿತು. ಬಳಿಕ ಲೋಕಸೇವಕ ಮಂಡಲದ ಕಾರ್ಯಕರ್ತರಾಗಿ, ಸತ್ಯಾಗ್ರಹಿಯಾಗಿ, ಹಲವು ವರ್ಷಗಳನ್ನು ಅವರು ಸೆರೆಮನೆಗಳಲ್ಲಿ ಕಳೆದರು.

ಸ್ವಾತಂತ್ರ್ಯಾನಂತರ 1952ರಲ್ಲಿ ಅವರು ಕೇಂದ್ರದ ರೈಲ್ವೆ ಮಂತ್ರಿಗಳಾದರು. 1956ರ ನವೆಂಬರಿನಲ್ಲಿ ಮದ್ರಾಸ್ ರಾಜ್ಯದ ಅರಿಯಲೂರಿನ ಬಳಿ ರೈಲು ಅಪಘಾತಕ್ಕೀಡಾಗಿ ನೂರಕ್ಕೂ ಹೆಚ್ಚು ಜನ ಮಡಿದಾಗ, ಅದರ ನೈತಿಕ ಹೊಣೆಯನ್ನು ಹೊತ್ತು ಪದವಿಯನ್ನು ತ್ಯಜಿಸಿದರು. ಮುಂದೆ ವಾಣಿಜ್ಯ ಮತ್ತು ಗೃಹ ಖಾತೆಗಳನ್ನೂ ನಿರ್ವಹಿಸಿದರು. ನಮ್ಮ ವಿಜಾಪುರ ಸೀಮೆಯ ಆಲಮಟ್ಟಿಯಲ್ಲಿ ಕೃಷ್ಣಾ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲನ್ನಿಟ್ಟವರೂ ಅವರೇ. ಇಂದು ಆ ಜಲಾಶಯಕ್ಕೆ ಅವರದೇ ಹೆಸರಿದೆ. ಅಡಿಗಲ್ಲಿಟ್ಟ ಐದೇ ದಿನಗಳಲ್ಲಿ ನೆಹರೂ ಅವರು ನಿಧನರಾದರು. ಜೂನ್ 9ರಂದು ಶಾಸ್ತ್ರಿಗಳು ಪ್ರಧಾನಮಂತ್ರಿಗಳಾದರು.

ಆಗ ದೇಶದಲ್ಲಿ ಮೂರನೆಯ ಪಂಚವಾರ್ಷಿಕ ಯೋಜನೆ ನಡೆಯುತ್ತಿತ್ತು. ಯಾವ ಕಾರ್ಖಾನೆ ಎಲ್ಲಿ ಏಳಬೇಕು, ಯಾವ ಕೆಲಸಕ್ಕೆ ಎಷ್ಟು ಹಣ ಬೇಕು ಎಂಬುದನ್ನು ದಿಲ್ಲಿಯ ಯೋಜನಾ ಆಯೋಗವು ಬಹುಮಟ್ಟಿಗೆ ನಿರ್ಧರಿಸುತ್ತಿತ್ತು. ಉಕ್ಕಿನ ಕಾರ್ಖಾನೆಗಳೂ ದೊಡ್ಡ ಅಣೆಕಟ್ಟುಗಳೂ ಎದ್ದವು; ಆದರೆ ಹೊಲದ ಬೆಳೆ ಜನಸಂಖ್ಯೆಗೆ ಸಾಲದಾಯಿತು. ಅಮೆರಿಕದಿಂದ ಬರುತ್ತಿದ್ದ ಗೋಧಿಯೇ ಪಟ್ಟಣಗಳ ಪಡಿತರಕ್ಕೆ ಆಧಾರವಾಗಿತ್ತು. 1965ರಲ್ಲಿ ಮಳೆ ಕೈಕೊಟ್ಟಿತು, ಪಾಕಿಸ್ತಾನದೊಡನೆ ಯುದ್ಧವೂ ಒದಗಿತು. ಆ ದಿನಗಳಲ್ಲಿ ಅಮೆರಿಕವು ದೀರ್ಘಾವಧಿಯ ಒಪ್ಪಂದಕ್ಕೆ ಬಾರದೆ ಸ್ವಲ್ಪ ಸ್ವಲ್ಪವಾಗಿ ಗೋಧಿಯನ್ನು ಕಳುಹಿಸತೊಡಗಿತು. ಅನ್ನಕ್ಕಾಗಿ ಪರರನ್ನು ನಂಬಿದವನ ಸ್ವಾತಂತ್ರ್ಯ ಎಷ್ಟು ದುರ್ಬಲವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಸೋಮವಾರ ರಾತ್ರಿಯ ಊಟವನ್ನು ಬಿಡಬೇಕೆಂದು ಶಾಸ್ತ್ರಿಗಳು ಜನರನ್ನು ಕೋರಿದರು. ಯೋಧನನ್ನೂ ರೈತನನ್ನೂ ಸರಿಸಮನಾಗಿ ಗೌರವಿಸುವ ಘೋಷಣೆಯನ್ನು ದೇಶಕ್ಕೆ ಕೊಟ್ಟರು. ಆದರೆ ಅವರು ಉಪವಾಸಕ್ಕೂ ಘೋಷಣೆಗೂ ನಿಲ್ಲಲಿಲ್ಲ. ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ ಅವರಿಗೆ ಬೆಂಬಲವಿತ್ತು ಹೊಸ ಬೀಜ, ಗೊಬ್ಬರ, ನೀರಾವರಿಗಳಿಗೆ ಆದ್ಯತೆ ದೊರಕಿಸಿದರು. 1965ರ ಆರಂಭದಲ್ಲಿ ಧಾನ್ಯವನ್ನು ಕೊಂಡು ಕೂಡಿಡಲು ಭಾರತ ಆಹಾರ ನಿಗಮವೂ, ರೈತನಿಗೆ ನ್ಯಾಯವಾದ ಬೆಲೆಯನ್ನು ಸೂಚಿಸಲು ಕೃಷಿ ಬೆಲೆಗಳ ಆಯೋಗವೂ ಹುಟ್ಟಿದವು. ಗುಜರಾತಿನ ಆನಂದದ ಬಳಿಯ ಹಳ್ಳಿಯೊಂದರಲ್ಲಿ ರಾತ್ರಿ ತಂಗಿ, ಹಾಲು ಉತ್ಪಾದಕರ ಸಹಕಾರ ಸಂಘವನ್ನು ಕಣ್ಣಾರೆ ಕಂಡು ಬಂದ ಅವರು, ಅದೇ ಮಾದರಿ ದೇಶಕ್ಕೆಲ್ಲ ಹರಡಲೆಂದು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಸ್ಥಾಪನೆಗೆ ಕಾರಣರಾದರು. ಯೋಜನೆಯನ್ನು ಅವರು ಕೈಬಿಡಲಿಲ್ಲ. ಆದರೆ ಯೋಜನಾ ಆಯೋಗದ ಕೈಯಲ್ಲಿದ್ದ ಅಧಿಕಾರವನ್ನು ಮಂತ್ರಾಲಯಗಳಿಗೂ ರಾಜ್ಯಗಳಿಗೂ ಹೆಚ್ಚು ಹಂಚಿದರು.

ತಾವು ಬಿತ್ತಿದ ಬೆಳೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಮಾಡಿದ ಅವರು, ಅಂದಿನ ನಡುರಾತ್ರಿ ಕಳೆದ ಮೇಲೆ ಹೃದಯಾಘಾತದಿಂದ ಮರಣ ಹೊಂದಿದರು. ಕಾರು ಕೊಳ್ಳಲು ಮಾಡಿದ್ದ ಸಾಲವೂ ತೀರಿರಲಿಲ್ಲ. ಪತ್ನಿ ಲಲಿತಾ ದೇವಿಯವರು ಅದನ್ನು ತಮ್ಮ ಪಿಂಚಣಿಯಿಂದ ತೀರಿಸಿದರೆಂದು ತಿಳಿದುಬರುತ್ತದೆ. ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ಬಂದಿಳಿಯಿತು. ಹೊಟ್ಟೆಗಾಗಿ ಗೋಧಿ ತರಿಸುತ್ತಿದ್ದ ದೇಶವು ಬಿತ್ತುವುದಕ್ಕಾಗಿ ತರಿಸಿತು.

ಈಚೆಗೆ ಕಾಲ ಬಹಳ ಬದಲಾಗಿದೆ. 1991ರಲ್ಲಿ ದೇಶವು ತನ್ನ ಮಾರುಕಟ್ಟೆಯನ್ನು ಜಗತ್ತಿಗೆ ತೆರೆಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂದಿತು. 2015ರ ಜನವರಿಯಲ್ಲಿ ಯೋಜನಾ ಆಯೋಗದ ಸ್ಥಾನಕ್ಕೆ ನೀತಿ ಆಯೋಗ ಬಂದಿತು. 2017ಕ್ಕೆ ಪಂಚವಾರ್ಷಿಕ ಯೋಜನೆಗಳೂ ಮುಗಿದವು. ಆದರೂ ಶಾಸ್ತ್ರಿಗಳ ಕಾಲದ ಆಹಾರ ನಿಗಮ ಉಳಿದಿದೆ, ಬೆಂಬಲ ಬೆಲೆ ಉಳಿದಿದೆ. ಸರಕಾರವು ಹೀಗೆ ಧಾನ್ಯ ಕೂಡಿಡುವುದಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆಕ್ಷೇಪಗಳೆದ್ದಾಗ, 2013ರ ಬಾಲಿ ಸಮ್ಮೇಳನದಲ್ಲಿ ಭಾರತವು ಪಟ್ಟು ಹಿಡಿದು ತಾತ್ಕಾಲಿಕ ರಕ್ಷಣೆಯನ್ನು ಪಡೆಯಿತು. 2019ರಲ್ಲಿ ಏಷ್ಯದ ದೊಡ್ಡ ವ್ಯಾಪಾರ ಒಪ್ಪಂದವೊಂದರಿಂದ ಹೊರಗುಳಿದಾಗ, ಹೈನುಗಾರರ ಹಿತವೂ ಅದಕ್ಕೊಂದು ಮುಖ್ಯ ಕಾರಣವಾಗಿತ್ತು.

ಈ ವ್ಯವಸ್ಥೆಯಲ್ಲಿ ಕುಂದುಗಳಿಲ್ಲವೆಂದಲ್ಲ. ಬೆಂಬಲ ಬೆಲೆಯ ಹೆಚ್ಚಿನ ಫಲ ಗೋಧಿ ಮತ್ತು ಭತ್ತ ಬೆಳೆಯುವ ಪ್ರಾಂತಗಳಿಗೆ ಸಂದಿತು. ನಮ್ಮ ಬಯಲುಸೀಮೆಯ ಜೋಳ, ರಾಗಿಗಳ ರೈತನಿಗೆ ಬಹುಕಾಲ ಅಷ್ಟಾಗಿ ದೊರೆಯಲಿಲ್ಲ. ಪಂಜಾಬಿನಲ್ಲಿ ಅಂತರ್ಜಲವು ಕುಸಿಯುತ್ತಿದೆ. ಇವನ್ನು ತಿದ್ದುವ ಹೊಣೆ ಇಂದಿನವರದು. ಆದರೆ ತಿದ್ದುವುದು ಬೇರೆ, ಕೆಡವುವುದು ಬೇರೆ.

ವಿದ್ಯಾರ್ಥಿಗಳೇ, ಜಗತ್ತಿನೊಡನೆ ವ್ಯಾಪಾರ ಮಾಡುವುದು ತಪ್ಪಲ್ಲ. ಶಾಸ್ತ್ರಿಗಳೂ ಪರದೇಶದ ಬೀಜವನ್ನು ಸಂಕೋಚವಿಲ್ಲದೆ ಸ್ವೀಕರಿಸಿದರು. ಆದರೆ ಕೊಡುವ ಕೈ ನಿಂತುಹೋದ ದಿನ ನಮ್ಮ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಪಡಿತರದ ಅಂಗಡಿಯ ಮುಂದೆಯೋ ಊರಿನ ಹಾಲಿನ ಸಂಘದ ಮುಂದೆಯೋ ಹಾದುಹೋಗುವಾಗ, ಹದಿನೆಂಟು ಹತ್ತೊಂಬತ್ತು ತಿಂಗಳಷ್ಟೇ ಆಳಿದ ಆ ಸರಳ ಜೀವಿಯನ್ನು ಒಮ್ಮೆ ನೆನೆಯಿರಿ.